ಜೀರುಂಡೆಯ ಹಾಡು ಮತ್ತು ನನ್ನ ಸಡಿಲ ಬೆಲ್ಟು

ನಾನು ಒಂದು ಟೇಪ್ ರೆಕಾರ್ಡರ್. ಈಗಿನವರಿಗೆ ಹೇಳಿದರೆ ‘ಹಂಗಂದ್ರ ಏನು’ ಅಂತ ಕೇಳುತ್ತಾರೆ, ಕೇಳಲಿ. ನನ್ನ ಕಾಲದಲ್ಲಿ ನಾನು ಒಂದು ಮನೆಗೆ ಬಂದೆನೆಂದರೆ ಇಡೀ ಓಣಿ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನನ್ನು ಮುಟ್ಟಿ ನೋಡಿಹೋಗುತ್ತಿತ್ತು.

ಮುಂಬಯಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕುಳಿತ ಹೆಂಗಸರ ಕೈಯಲ್ಲಿ ನಾನು ಹುಟ್ಟಿದೆ. ಒಬ್ಬಳು ಮೋಟಾರು ಕೂರಿಸಿದಳು, ಇನ್ನೊಬ್ಬಳು ಎದೆಗೆ ಜಾಲರಿ ಹಚ್ಚಿದಳು, ಮತ್ತೊಬ್ಬಳು ಆರು ಗುಂಡಿ ಒತ್ತಿ ಒತ್ತಿ ನೋಡಿದಳು. ಕೊನೆಯವಳು ಕಪ್ಪು ರಬ್ಬರಿನ ಒಂದು ಬೆಲ್ಟನ್ನು ಮೋಟಾರಿನಿಂದ ಗಾಲಿಗೆ ಬಿಗಿಯಾಗಿ ತೊಡಿಸಿದಳು. ಮೋಟಾರು ತಿರುಗಿದರೆ ಬೆಲ್ಟು ಗಾಲಿಯನ್ನು ತಿರುಗಿಸುತ್ತದೆ, ಗಾಲಿ ಕ್ಯಾಸೆಟ್ಟಿನ ಟೇಪನ್ನು ಎಳೆಯುತ್ತದೆ. ನನ್ನ ಮರ್ಯಾದೆಯೆಲ್ಲ ಆ ಬೆಲ್ಟಿನಲ್ಲಿತ್ತು. ಅದು ನನಗೆ ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ನನ್ನ ಮೊದಲ ಯಜಮಾನರು ಪುರಾಣದ ಗುರುಶಾಂತಯ್ಯನವರು. ಶ್ರಾವಣ ಬಂತೆಂದರೆ ಮಠಮಠ ತಿರುಗಿ ಪುರಾಣ ಹೇಳುವುದು ಅವರ ಕಾಯಕ. ಸಂಜೆ ಹೇಳಿದ್ದನ್ನು ನನ್ನಲ್ಲಿ ತುಂಬಿಕೊಂಡು ಬಂದು, ಬೆಳಗ್ಗೆ ಹಾಸಿಗೆಯ ಮೇಲೆ ಕುಳಿತು ತಮ್ಮ ದನಿಯನ್ನು ತಾವೇ ಕೇಳಿ ‘ಆಹಾ!’ ಎನ್ನುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡಿ, ದನಿ ನಿಜಕ್ಕೂ ಚೆನ್ನಾಗಿತ್ತು. ಏಳು ವರ್ಷದ ಮೇಲೆ ಅವರ ಗಂಟಲಿಗೆ ಹುಣ್ಣು ಬಂತು, ಆಪರೇಶನ್ ಆಯಿತು, ದನಿ ಹೋಯಿತು. ಆಮೇಲೆ ನನ್ನನ್ನು ಕಂಡರೆ ಅವರಿಗೆ ಸಂಕಟವಾಗುತ್ತಿತ್ತು. ಒಂದು ದಿನ ತಂಗಿಯ ಮಗಳನ್ನು ಕರೆದು, ಉಸಿರಿನಲ್ಲೇ ಪಿಸುಗುಟ್ಟಿದರು.

“ನೀಲವ್ವ, ಇದು ನನಗಿನ್ನ ಬ್ಯಾಡ. ನಿನ್ನ ಹುಳಾನೂ ಹಾಡ್ತಾವಂತಲ್ಲ, ಅವನ್ನ ಹಿಡಿ.”

ಹೀಗೆ ನಾನು ನೀಲಾಂಬಿಕಾ ಸಾಲಿಮಠಳ ಹೆಗಲಿಗೆ ಬಂದೆ. ಆಕೆ ಒಂದು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ. ಹುಬ್ಬಳ್ಳಿಯ ಆಚೆ ಎಂದಿಟ್ಟುಕೊಳ್ಳಿ, ಸಾಕು. ಪುರಾಣ ಕೇಳಿದ ಕಿವಿಗೆ ಹುಳದ ಚಿರ್ ಚಿರ್ ಕೇಳಬೇಕಾಯಿತಲ್ಲ ಎಂದು ಮೊದಮೊದಲು ನನಗೆ ಸಿಟ್ಟೇ ಬಂದಿತ್ತು.

ಆಕೆಯ ಹುಳವೆಂದರೆ ಕಪ್ಪು ಜೀರುಂಡೆ. ಹೊಲದ ಬದುವಿನಲ್ಲಿ, ಮಣ್ಣಿನ ಬಿರುಕಿನಲ್ಲಿ ಇರುತ್ತದೆ. ಗಂಡು ಮಾತ್ರ ಹಾಡುತ್ತದೆ, ಅದೂ ರೆಕ್ಕೆಗೆ ರೆಕ್ಕೆ ತಿಕ್ಕಿ. ಉದ್ದಕ್ಕೆ ಹಾಡಿದ ಗಂಡಿನ ಕಡೆಗೆ ಹೆಣ್ಣು ನಡೆದು ಬರುತ್ತದೆ. ಇಲ್ಲಿಯವರೆಗೆ ಮದುವೆಮನೆಯ ಕಥೆ. ಆದರೆ ಅದೇ ಹಾಡನ್ನು ಇನ್ನೊಂದು ಕಿವಿಯೂ ಕೇಳುತ್ತಿರುತ್ತದೆ, ಒಂದು ಹಳದಿ ನೊಣದ ಕಿವಿ. ಆ ನೊಣ ಹಾಡು ಹಿಡಿದು ಬಂದು, ಹಾಡುವ ಗಂಡಿನ ಮೈಮೇಲೆ ಸಾಸಿವೆಗಿಂತ ಸಣ್ಣ ಮರಿಹುಳಗಳನ್ನು ಉದುರಿಸಿ ಹೋಗುತ್ತದೆ. ಅವು ಒಳಗೆ ಕೊರೆದುಕೊಂಡು ಹೋಗಿ, ಒಂದು ವಾರ ಅವನನ್ನು ಜೀವಂತ ತಿಂದು ಹೊರಬೀಳುತ್ತವೆ. ಪುಸ್ತಕದಲ್ಲಿ ಅದಕ್ಕೆ ಪರೋಪಜೀವಿ ನೊಣ ಎನ್ನುತ್ತಾರೆ. ವಿಭಾಗದ ಅಟೆಂಡರ್ ದ್ಯಾಮಣ್ಣ ಬಡಿಗೇರ ಅದಕ್ಕೆ ‘ಯಮನ ಪೋಸ್ಟ್‌ಮನ್’ ಎಂದು ಹೆಸರಿಟ್ಟಿದ್ದ.

ನೀಲಾಳ ಪ್ರಶ್ನೆ ಇದು. ಹಾಡಿದರೆ ಹೆಣ್ಣೂ ಬರುತ್ತದೆ, ಸಾವೂ ಬರುತ್ತದೆ. ಹಾಗಾದರೆ ನೂರಾರು ತಲೆಮಾರು ಕಳೆದ ಮೇಲೆ ಆ ಹಾಡು ಏನಾಗುತ್ತದೆ?

ಉತ್ತರಕ್ಕೆ ಆಕೆ ಮೊದಲು ಕಂಪ್ಯೂಟರಿಗೆ ಹೋದಳು. ಆಗ ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ಕಂಪ್ಯೂಟರು, ಎಸಿ ಕೋಣೆಯಲ್ಲಿ. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕು. ಅದರೊಳಗೆ ಆಕೆ ಸುಳ್ಳುಸುಳ್ಳೇ ಒಂದು ಹೊಲ ಕಟ್ಟಿದಳು. ಸಾವಿರ ಗಂಡು, ಕೆಲವರದು ಉದ್ದ ಹಾಡು, ಕೆಲವರದು ಗಿಡ್ಡ. ಉದ್ದ ಹಾಡಿದವನಿಗೆ ಹೆಣ್ಣು ಹೆಚ್ಚು, ನೊಣವೂ ಹೆಚ್ಚು. ಉಳಿದವರು ಮಕ್ಕಳನ್ನು ಹುಟ್ಟಿಸಲಿ, ಮಕ್ಕಳು ಅಪ್ಪನ ಹಾಗೆ ಹಾಡಲಿ ಎಂದು ನಿಯಮ ಬರೆದು ಗುಂಡಿ ಒತ್ತಿದಳು. ಇನ್ನೂರು ತಲೆಮಾರು ಮುಗಿದಾಗ ಕಂಪ್ಯೂಟರು ಹೇಳಿತು: ನೊಣವಿಲ್ಲದ ಕಡೆ ಹಾಡು ನೂರು ಅಳತೆ ಉದ್ದವಿದ್ದರೆ, ನೊಣ ಇರುವ ಕಡೆ ತೊಂಬತ್ತರ ಸುಮಾರಿಗೆ ಇಳಿಯಬೇಕು. ಇದೇ ಆಕೆಯ ಮಾಡೆಲ್. ಇನ್ನು ನಿಜವಾದ ಹೊಲದಲ್ಲಿ ಅದು ಹಾಗಿದೆಯೇ ಎಂದು ನೋಡುವುದೊಂದೇ ಉಳಿದಿತ್ತು, ಆ ಕೆಲಸ ನನ್ನದು.

ಮೊದಲ ಮಳೆಗಾಲ ನೀಲಾ, ದ್ಯಾಮಣ್ಣ, ನಾನು ಕೆಂಗೊಂಡನಹಾಳಕ್ಕೆ ಹೋದೆವು. ಅಲ್ಲಿ ನೊಣ ಇರಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಬದುವಿನ ಮೇಲೆ ನನ್ನನ್ನಿಟ್ಟು, ಕೆಂಪು ಗುಂಡಿ ಒತ್ತಿ, ನೀಲಾ ಮೊದಲು ತನ್ನ ದನಿಯಲ್ಲಿ ಊರು, ತಾರೀಖು, ಉಷ್ಣತೆ ಹೇಳುತ್ತಿದ್ದಳು. ಇದು ಹುಳದ ಹಾಡು ಹಿಡಿಯುವವರೆಲ್ಲರ ಪದ್ಧತಿ. ಆಮೇಲೆ ಮುಕ್ಕಾಲು ತಾಸು ನಾವು ಮೂವರೂ ಉಸಿರು ಬಿಗಿಹಿಡಿದು ಕುಳಿತುಕೊಳ್ಳುತ್ತಿದ್ದೆವು. ನಲವತ್ತು ಕ್ಯಾಸೆಟ್ ತುಂಬಿದವು. ನನ್ನ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.

ಎರಡನೆಯ ಮಳೆಗಾಲ ನೊಣದ ಊರು ಜಾಲಿಕೊಪ್ಪಕ್ಕೆ ಹೊರಡಬೇಕು ಎನ್ನುವ ದಿನವೇ ನನ್ನ ಬೆಲ್ಟು ಪಟ್ಟೆಂದು ಹರಿಯಿತು. ನೀಲಾ ನನ್ನನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಪಕ್ಕದ ದಸ್ತಗೀರನ ರೇಡಿಯೋ ಅಂಗಡಿಗೆ ಓಡಿದಳು.

“ಅಸಲಿ ಬೆಲ್ಟ್ ಇಲ್ರಿ ಮೇಡಮ್ಮಾರ. ಬೇರೆ ಮಶಿನ್ನಿಂದು ಐತಿ. ಒಂಚೂರು ಸಡ್ಲ ಆಕ್ಕೈತಿ, ಹಾಡು ಕೇಳಾಕ ಏನೂ ಅಡ್ಡಿಲ್ಲ,” ಎಂದ ದಸ್ತಗೀರ.

“ಬಸ್ ಬಂತು. ಹಾಕ್ರಿ ಲಗೂನ.”

ಅವನು ಹಾಕಿದ. ‘ಹಲೋ, ಹಲೋ, ಒಂದು, ಎರಡು’ ಎಂದು ತನ್ನ ದನಿ ತುಂಬಿ, ನನ್ನಲ್ಲೇ ನುಡಿಸಿ ತೋರಿಸಿದ. ಬರೋಬ್ಬರಿ ಇತ್ತು. ಇರದೆ ಏನು? ಬೆಲ್ಟು ಸಡಿಲಾದರೆ ಗಾಲಿ ನಿಧಾನಕ್ಕೆ ತಿರುಗುತ್ತದೆ. ನಿಧಾನಕ್ಕೆ ತುಂಬಿಕೊಂಡದ್ದನ್ನು ಅಷ್ಟೇ ನಿಧಾನಕ್ಕೆ ನುಡಿಸಿದರೆ ತಪ್ಪು ಕಿವಿಗೆ ಬೀಳುವುದೇ ಇಲ್ಲ. ಕಳ್ಳನನ್ನೇ ಸಾಕ್ಷಿಗೆ ಕರೆದ ಹಾಗಾಯಿತು. ಬೆಲ್ಟು ಜಾರುತ್ತಿರುವುದು ನನ್ನ ಹೊಟ್ಟೆಗೆ ಗೊತ್ತಿತ್ತು. ‘ಅಯ್ಯೋ ನಿಲ್ಲು ತಾಯಿ’ ಎಂದು ಕೂಗಬೇಕೆನಿಸಿತು, ಆದರೆ ನನಗೆ ಸ್ವಂತ ದನಿ ಎಲ್ಲಿದೆ?

ಜಾಲಿಕೊಪ್ಪದಲ್ಲಿ ನಾವು ಇಳಿದುಕೊಂಡದ್ದು ಊರ ಮಠದ ಪಡಸಾಲೆಯಲ್ಲಿ. ಮೊದಲ ಸಂಜೆಯೇ ನನಗೆ ಆ ನೊಣದ ಪರಿಚಯವಾಯಿತು. ನೊಣ ನಿಜವಾಗಿ ಹಾಡಿಗೇ ಬರುತ್ತದೆಯೋ ನೋಡೋಣವೆಂದು ನೀಲಾ ಒಂದು ಗಂಡಿನ ಹಾಡನ್ನು ನನ್ನಲ್ಲಿ ಜೋರಾಗಿ ಹಚ್ಚಿ ಬದುವಿನ ಮೇಲೆ ಬಿಟ್ಟಳು. ಐದು ನಿಮಿಷವೂ ಆಗಿರಲಿಲ್ಲ. ಏನೋ ಒಂದು ಸದ್ದಿಲ್ಲದೆ ಬಂದು ನನ್ನ ಜಾಲರಿಯ ಮೇಲೆ ಕುಳಿತಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಜಾಲರಿಯ ಮೇಲೆ ಬಿಳಿ ಮರಿಹುಳಗಳು ಉದುರಿದವು. ಅವು ತಲೆಯೆತ್ತಿ, ಮೈ ಎಲ್ಲಿ, ಮಾಂಸ ಎಲ್ಲಿ ಎಂದು ನನ್ನ ತೂತುತೂತುಗಳಲ್ಲಿ ಹುಡುಕಾಡಿದವು. ನಾನು ತಗಡಿನವನು, ಬದುಕಿದೆ. ಆದರೆ ಆ ಹೊತ್ತು ನನಗೆ ಹುಟ್ಟಿದ ಹೆದರಿಕೆಯನ್ನು ಈಗಲೂ ಮರೆತಿಲ್ಲ. ಹಾಡುವುದೆಂದರೆ ಏನೆಂದು ಆ ಸಂಜೆ ತಿಳಿಯಿತು.

ದ್ಯಾಮಣ್ಣ ನನ್ನನ್ನು ಒರೆಸುತ್ತ, “ಅಕ್ಕಾರ, ಕೂಗಿ ಹೆಂಡ್ತೀನ ಕರದರ ಯಮಾ ಬರತಾನಂದ್ರ, ಇದೆಂಥಾ ಬಾಳೇರಿ ಇವುಗಳದು?” ಎಂದ.

“ಅದನ್ನ ತಿಳಕೊಳ್ಳಾಕ ಬಂದೇವಿ ದ್ಯಾಮಣ್ಣ,” ಎಂದಳು ನೀಲಾ.

ಅಲ್ಲಿ ನಲವತ್ತೆರಡು ಕ್ಯಾಸೆಟ್ ತುಂಬಿದೆವು. ದ್ಯಾಮಣ್ಣ ಭಜನೆಯ ಮನುಷ್ಯ. ಸೋಮವಾರ ಊರವರ ಜೊತೆ ಕುಳಿತು ಮಠದ ಹಾರ್ಮೋನಿಯಂ ಹಿಡಿದು ಹಾಡಿದ. ಹೊಲದಿಂದ ಬಂದ ನೀಲಾ ಅವಸರದಲ್ಲಿ ನನ್ನ ಕೆಂಪು ಗುಂಡಿ ಎತ್ತುವುದನ್ನು ಮರೆತಿದ್ದಳು. ಇಪ್ಪತ್ತೇಳನೆಯ ಕ್ಯಾಸೆಟ್ಟಿನ ಕೊನೆಗೆ ಆ ಭಜನೆಯೂ ಹೋಗಿ ಕುಳಿತಿತು.

ವಿಭಾಗದಲ್ಲಿ ದೊಡ್ಡ ಡೆಕ್ ಒಂದಿತ್ತು. ಅದರಲ್ಲಿ ಕ್ಯಾಸೆಟ್ ಹಾಕಿದರೆ ಜೋಡಿಸಿದ ಯಂತ್ರ ಹಾಡನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತು, ಗೆರೆ ಅಳೆದರೆ ಹಾಡಿನ ಉದ್ದ ಸಿಗುತ್ತಿತ್ತು. ಡೆಕ್ಕಿನ ವೇಗ ಸರಿಯಾದದ್ದು. ತಪ್ಪು ನನ್ನದು. ನಾನು ನಿಧಾನಕ್ಕೆ ತುಂಬಿದ ಹಾಡನ್ನು ಅದು ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಗಿಡ್ಡವಾಗುತ್ತದೆ, ಶ್ರುತಿ ಏರುತ್ತದೆ. ನೀಲಾಳ ದನಿಯೂ ಏರುತ್ತಿತ್ತು, ಕೇಳಿದ್ದರೆ ಗೊತ್ತಾಗುತ್ತಿತ್ತೋ ಏನೋ. ಆದರೆ ಮೊದಲ ಮಾತನ್ನು ಓಡಿಸಿಬಿಟ್ಟು, ಹುಳದ ಹಾಡು ಇದ್ದಷ್ಟನ್ನೇ ಆರಿಸಿ ಅಳೆಯುವುದು ಅವರ ರೂಢಿ. ತಾರೀಖು, ಉಷ್ಣತೆ ನೋಟ್‌ಬುಕ್ಕಿನಲ್ಲಿ ಹೇಗೂ ಇದ್ದವು.

ಲೆಕ್ಕ ಬಂತು. ಕೆಂಗೊಂಡನಹಾಳದಲ್ಲಿ ನೂರು, ಜಾಲಿಕೊಪ್ಪದಲ್ಲಿ ಎಂಬತ್ತೊಂಬತ್ತು.

ಗೈಡ್ ಕಟಗೇರಿ ಸರ್ ಕುರ್ಚಿಯಿಂದ ಎದ್ದೇಬಿಟ್ಟರು. ಗುಂಡೇರಾವ ಕಟಗೇರಿಯವರು ನಿವೃತ್ತಿಗೆ ಒಂದು ವರ್ಷ ಉಳಿದವರು, ಜನ್ಮದಲ್ಲಿ ಒಮ್ಮೆಯೂ ಅಷ್ಟು ಜೋರಾಗಿ ನಕ್ಕವರಲ್ಲ.

“ನೀಲಾ! ಮಾಡೆಲ್ ತೊಂಬತ್ತು ಅಂತು, ಹುಳ ಎಂಬತ್ತೊಂಬತ್ತು ಅಂತು! ಇನ್ನೇನ ಬೇಕು ನಮಗ?”

“ಸರ್, ಹುಳದ ದನಿನೂ ಏರೇತ್ರಿ. ಅದ್ಯಾಕಂತ ತಿಳೀವಲ್ದು.”

“ಸಣ್ಣ ಗಂಡು ಇರ್ತಾವ ಅಲ್ಲೆ, ಸಣ್ಣ ಮೈಗೆ ದನಿ ಏರ್ತದ. ಬರದುಬಿಡು.”

ನಾನು ಮೇಜಿನ ತುದಿಯಲ್ಲಿ ಕುಳಿತು ಎಲ್ಲ ಕೇಳುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಲು ನನಗೆ ಕೈಯೂ ಇರಲಿಲ್ಲ. ಸರ್ ಆ ವಾರವೇ ಪ್ಯಾರಿಸ್ಸಿನ ಒಂದು ಸಮ್ಮೇಳನಕ್ಕೆ ಬರೆದರು, ಅವರು ಬನ್ನಿ ಎಂದರು. ನೀಲಾ ಪ್ರಬಂಧ ಬೆರಳಚ್ಚಿಗೆ ಕೊಟ್ಟಳು. ಅವಳಿಗೆ ಕೊಟ್ಟ ಆರು ವರ್ಷದ ಅವಧಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಹೆಸರು ತೆಗೆದುಹಾಕುತ್ತಾರೆ, ಆರು ವರ್ಷದ ದುಡಿಮೆ ಗಟಾರಕ್ಕೆ. ಮನೆಯಲ್ಲಿ ಮದುವೆಗೆ ಬಂದ ಎರಡು ಸಂಬಂಧಗಳನ್ನು ‘ಮುಗೀಲಿ’ ಎಂದು ತಿರುಗಿಸಿ ಕಳಿಸಿದ್ದಳು.

ಮಾರ್ಚ್ ಇಪ್ಪತ್ತೊಂದು. ಕೊನೆಯ ಅಧ್ಯಾಯ ಟೈಪಾಗಿ ಬಂದಿತ್ತು. ನೀಲಾ ದ್ಯಾಮಣ್ಣನಿಗೆ ಪೇಢೆ ಕೊಟ್ಟಳು.

“ಅಕ್ಕಾರ, ಪೇಢೆ ಇರಲಿ. ನಮ್ಮ ಜಾಲಿಕೊಪ್ಪದ ಭಜನಿ ಒಮ್ಮೆ ಕೇಳಸ್ರೆಲಾ.”

ಆಕೆ ನಗುತ್ತ ಇಪ್ಪತ್ತೇಳನೆಯ ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಿ ಕೊನೆಗೆ ಓಡಿಸಿದಳು. ಭಜನೆ ಶುರುವಾಯಿತು.

ದ್ಯಾಮಣ್ಣ ಮೊದಲು ಕಣ್ಣು ಮುಚ್ಚಿ ತಲೆದೂಗಿದ. ಆಮೇಲೆ ತಲೆ ನಿಂತಿತು, ಹುಬ್ಬು ಗಂಟಾದವು.

“ಇದು ನಂದಲ್ರಿ.”

“ನಿಮ್ಮದ ದ್ಯಾಮಣ್ಣ, ನಾನ ಅಲ್ಲಿದ್ದೆ.”

“ನಾ ಮೂವತ್ತ ವರ್ಷಾತು ಕರಿ ಒಂದರಾಗ ಹಾಡ್ತೀನಿ. ಇದು ಕರಿ ಎರಡು. ಕರಿ ಎರಡಕ್ಕ ಹಾಡಿದ್ರ ನನ್ನ ಗಂಟಲ ಹರದು ಕೈಯಾಗ ಬರತಿತ್ತು.”

ಕರಿ ಒಂದು, ಕರಿ ಎರಡು ಎಂದರೆ ಹಾರ್ಮೋನಿಯಮ್ಮಿನ ಕಪ್ಪು ಮನೆಗಳು. ಅವರವರ ದನಿಗೆ ತಕ್ಕಂತೆ ಒಂದೊಂದು ಮನೆಯನ್ನು ಸ ಎಂದು ಹಿಡಿದು ಹಾಡುತ್ತಾರೆ. ನೀಲಾ ನಗು ನಿಲ್ಲಿಸಿ ಅವನನ್ನೇ ನೋಡಿದಳು. ಅವನು ಕ್ವಾರ್ಟರ್ಸಿಗೆ ಹೋಗಿ ತನ್ನ ಹಾರ್ಮೋನಿಯಂ ಪೆಟ್ಟಿಗೆಯನ್ನು ಹೊತ್ತುಕೊಂಡು ಬಂದ. ಭಜನೆಯ ಜೊತೆ ಕರಿ ಒಂದು ಒತ್ತಿದ, ಕೂಡಲಿಲ್ಲ. ಕರಿ ಎರಡು ಒತ್ತಿದ, ಹಾಲಿಗೆ ಸಕ್ಕರೆ ಕೂಡಿದಂತೆ ಕೂಡಿತು.

“ಮಠದ ಪೆಟಗಿ ಶ್ರುತಿ ಬೇರೆ ಇರಬೇಕು,” ಎಂದಳು ನೀಲಾ.

“ಅದರ ಶ್ರುತಿ ಕೂಡ್ಸಿದಾಂವ ನಾನ ರೀ.”

ನೀಲಾ ಕ್ಯಾಸೆಟ್ ತೆಗೆದು ನನ್ನ ಬಾಯಿಗೆ ಹಾಕಿದಳು. ನಾನು ನುಡಿಸಿದೆ. ಕರಿ ಒಂದು. ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ.

 ಆಕೆ ಕಾಗದ ತೆಗೆದುಕೊಂಡು ಲೆಕ್ಕ ಮಾಡಿದಳು. ಕರಿ ಒಂದರಿಂದ ಕರಿ ಎರಡಕ್ಕೆ ಶ್ರುತಿ ಏರಿದರೆ ನೂರಿದ್ದದ್ದು ಎಂಬತ್ತೊಂಬತ್ತಾಗುತ್ತದೆ. ಹುಳ ಹಾಡನ್ನು ಗಿಡ್ಡ ಮಾಡಿರಲಿಲ್ಲ. ಗಿಡ್ಡ ಮಾಡಿದವನು ನಾನು.

“ದಸ್ತಗೀರ ಸಡ್ಲ ಅಂದಿದ್ದ. ನಾನ ಕೇಳಲಿಲ್ಲ,” ಎಂದು ಆಕೆ ಮುಖ ಮುಚ್ಚಿಕೊಂಡಳು. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ.

ಕಟಗೇರಿ ಸರ್ ಕೋಣೆಗೆ ಆಕೆ ನನ್ನನ್ನೂ ಹೆಗಲಿಗೆ ಹಾಕಿಕೊಂಡೇ ಹೋದಳು. ಎಲ್ಲ ಕೇಳಿ ಅವರು ಎದ್ದು ಬಾಗಿಲು ಹಾಕಿದರು.

“ಯಾರ್ಯಾರಿಗೆ ಗೊತ್ತದ?”

“ನನಗ, ದ್ಯಾಮಣ್ಣಗ.”

“ಅವಂಗೇನು ತಿಳೀತದ ಬಿಡು.” ದನಿ ತಗ್ಗಿಸಿ ಮುಂದುವರಿಸಿದರು. “ನೋಡು ನೀಲಾ, ಮಾಡೆಲ್ ಖರೇ ಅದ. ಬೆಲ್ಟ್ ಸುಳ್ಳಾದ್ರ ಮಾಡೆಲ್ ಸುಳ್ಳಾಗ್ತದೇನು? ಮುಂದ ಯಾರರೆ ಮತ್ತ ಅಳೀತಾರ, ಅವರಿಗೂ ಹಿಂಗ ಬರ್ತದ. ಹತ್ತ ದಿನ ಉಳದದ. ಬರೀಬ್ಯಾಡ. ನನ್ನ ಸಂಬಂಧ ಅಲ್ಲ, ನಿನ್ನ ಸಂಬಂಧ ಹೇಳ್ಲಿಕ್ಕತ್ತೀನಿ.”

ಅರ್ಧ ನಿಜವನ್ನೇ ಹೇಳುತ್ತಿದ್ದರು, ಅದೇ ಕಷ್ಟ. ಪೂರ್ತಿ ಕೆಟ್ಟ ಮನುಷ್ಯನಾಗಿದ್ದರೆ ನನಗೂ ಬೈಯಲು ಸುಲಭವಾಗುತ್ತಿತ್ತು.

ನೀಲಾ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ದ್ಯಾಮಣ್ಣ ಚಹಾ ತಂದುಕೊಟ್ಟ. ‘ಈಗ ಈಕೆ ಸುಮ್ಮನಿದ್ದರೆ ಡಾಕ್ಟರ್ ನೀಲಾಂಬಿಕಾ, ಬಾಯಿ ಬಿಟ್ಟರೆ ಏನೂ ಅಲ್ಲ’ ಎಂದು ನಾನು ಎಣಿಸುತ್ತಿದ್ದೆ. ಸುಮ್ಮನಿರು ತಾಯಿ, ನನ್ನ ತಪ್ಪಿಗೆ ನೀನು ಯಾಕೆ ಸಾಯುತ್ತೀ ಎಂದೂ ಅನಿಸಿತು. ಸುಳ್ಳು ಯಾಕೆ ಹೇಳಲಿ, ಹಾಗೇ ಅನಿಸಿತು.

ಚಹಾ ಮುಗಿಸಿ ಆಕೆ ಕೇಳಿದಳು.

“ದ್ಯಾಮಣ್ಣ, ಈ ಮಶಿನ್ನಿನ್ಯಾಗ ಹಚ್ಚಿದ್ರ ಬರೋಬ್ಬರಿ ಬರತೈತಿ ಹೌದಲ್ಲ?”

“ಬರತೈತ್ರಿ.”

“ಹಂಗಾರ ನಲವತ್ತೆರಡೂ ಇದರಾಗ ಹಚ್ಚಿ, ವೈರ್ ಹಾಕಿ ಡೆಕ್ಕಿಗೆ ಮತ್ತ ತುಂಬೂನು. ಪ್ರತಿ ಕ್ಯಾಸೆಟ್ಟಿಗೂ ಮೊದಲ ನಿಮ್ಮ ಭಜನಿ ಹಚ್ಚೂನು. ಕರಿ ಒಂದಕ್ಕ ಕೂಡಿದ್ರಷ್ಟ ಮುಂದ.”

ಸುಳ್ಳು ಹೇಳಿದ ಬಾಯಿಯಿಂದಲೇ ನಿಜ ಹೊರಡಿಸುವ ಉಪಾಯ. ಬೇರೆ ಯಾವ ಯಂತ್ರಕ್ಕೂ ಅದು ಸಾಧ್ಯವಿರಲಿಲ್ಲ. ಆದರೆ ನನ್ನ ಬೆಲ್ಟಿನ ಸ್ಥಿತಿ ನನಗೆ ಗೊತ್ತಿತ್ತು. ರಬ್ಬರು ಒಣಗಿ, ಮೈತುಂಬ ಬಿರುಕು ಬಿಟ್ಟಿತ್ತು. ಅದನ್ನು ಬದಲಿಸುವಂತೆಯೂ ಇಲ್ಲ, ಬದಲಿಸಿದರೆ ನಾನೂ ಡೆಕ್ಕಿನ ಹಾಗೇ ಆಗಿಬಿಡುತ್ತಿದ್ದೆ.

ಮರುದಿನ ಬೆಳಗ್ಗೆ ಎಂಟಕ್ಕೆ ಶುರು. ದ್ಯಾಮಣ್ಣ ಕರಿ ಒಂದು ಹಿಡಿಯುವುದು, ನಾನು ಭಜನೆಯ ಒಂದು ಸಾಲು ನುಡಿಸುವುದು, ಅವನು ‘ಹೂಂ’ ಎನ್ನುವುದು, ಆಮೇಲೆ ಕ್ಯಾಸೆಟ್. ಒಂದಕ್ಕೆ ಮುಕ್ಕಾಲು ತಾಸು. ಮೊದಲ ದಿನ ಎಂಟು, ಎರಡನೆಯ ದಿನ ಒಂಬತ್ತು. ಮೂರನೆಯ ದಿನ ಕರೆಂಟು ಹೋಗಿ ಡೆಕ್ ನಿಂತು ನಾಲ್ಕಕ್ಕೇ ಮುಗಿಯಿತು. ಕಟಗೇರಿ ಸರ್ ಬಾಗಿಲಲ್ಲಿ ಹಾದುಹೋಗುತ್ತಿದ್ದರು, ಒಳಗೆ ನೋಡುತ್ತಿರಲಿಲ್ಲ.

ಒಂದು ಹೊಸ ಸಂಗತಿ ನಡೆದದ್ದು ನಾಲ್ಕನೆಯ ದಿನ. ಹಿಂದೆ ಆಕೆ ಹುಳ ಹಾಡಿದ್ದಷ್ಟನ್ನೇ ಆರಿಸಿಕೊಂಡಿದ್ದಳು, ಈಗ ಇಡೀ ಕ್ಯಾಸೆಟ್ ಕೂತು ಕೇಳಲೇಬೇಕಿತ್ತು. ಕೇಳುತ್ತ ಕೇಳುತ್ತ ಪೆನ್ನು ಕೆಳಗಿಟ್ಟಳು.

“ದ್ಯಾಮಣ್ಣ, ಹೊತ್ತು ಮುಳುಗಿದ ಮ್ಯಾಲ ಇವು ಇಪ್ಪತ್ತು ನಿಮಿಷ ಹಾಡೂದ ಇಲ್ಲ ನೋಡ್ರಿ. ಕೆಂಗೊಂಡನಹಾಳದಾಗ ಅದ ಹೊತ್ತಿಗೆ ಕಿವಿ ಹರದು ಹೋಗೂವಂಗ ಹಾಡತಿದ್ವು.”

“ಯಮನ ಪೋಸ್ಟ್‌ಮನ್ ತಿರುಗೂ ಹೊತ್ತರಿ ಅದು. ಪೆಟ್ಟು ತಿಂದಾವ, ಬುದ್ಧಿ ಬಂದೈತಿ.”

ಹಾಡು ಎಷ್ಟು ಉದ್ದ ಎಂದು ಆಕೆ ಕಂಪ್ಯೂಟರಿಗೂ ಕೇಳಿದ್ದಳು, ಹುಳಕ್ಕೂ ಕೇಳಿದ್ದಳು. ಯಾವ ಹೊತ್ತಿಗೆ ಹಾಡುತ್ತೀ, ಯಾವ ಹೊತ್ತಿಗೆ ಸುಮ್ಮನಿರುತ್ತೀ ಎಂದು ಯಾರಿಗೂ ಕೇಳಿರಲಿಲ್ಲ. ಮಾಡೆಲ್ಲಿನ ಹೊಲದಲ್ಲಿ ಸಂಜೆಯೇ ಇರಲಿಲ್ಲ. ಆದರೆ ಆಕೆ ಕುಣಿಯಲಿಲ್ಲ. ಒಂದು ಸಲ ಮೈಸುಟ್ಟುಕೊಂಡವಳು, ಒಂದೇ ಮಳೆಗಾಲದ ಮಾತು ಎಂದು ಪಕ್ಕದಲ್ಲಿ ಬರೆದುಕೊಂಡಳು ಅಷ್ಟೇ.

ಐದನೆಯ ದಿನ ಮಧ್ಯಾಹ್ನ ದ್ಯಾಮಣ್ಣ ‘ಹೂಂ’ ಎನ್ನಲಿಲ್ಲ. “ಇಳದೈತಿ ಅಕ್ಕಾರ,” ಎಂದ. ಬೆಲ್ಟು ಮತ್ತಷ್ಟು ಜಾರತೊಡಗಿತ್ತು. ನೀಲಾ ನನ್ನ ಬೆನ್ನು ಬಿಚ್ಚಿ, ಗಾಲಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಮುಚ್ಚಿದಳು. ಭಜನೆ ಕೂಡಿತು. ಮೂವತ್ತೈದು. ಮೂವತ್ತಾರು. ನಾನು ಹಲ್ಲು ಕಚ್ಚಿ ಎಳೆಯುತ್ತಿದ್ದೆ. ಇದ್ದ ಶಕ್ತಿಯನ್ನೆಲ್ಲ ಆ ಬಿರುಕಿನ ರಬ್ಬರಿಗೆ ಕೊಟ್ಟೆ. ಮೂವತ್ತೇಳು ಮುಗಿಯಿತು. ಮೂವತ್ತೆಂಟರ ಅರ್ಧಕ್ಕೆ ಹೊಟ್ಟೆಯಲ್ಲಿ ಪಟ್ಟೆಂದಿತು. ಗಾಲಿ ನಿಂತಿತು. ಬರೀ ಮೋಟಾರು ಗುರ್ ಎಂದು ತಿರುಗುತ್ತಿತ್ತು.

ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಮತ್ತೆ ತೆರೆಯಲಿಲ್ಲ.

ಉಳಿದ ಐದು ದಿನ ಆಕೆ ಅಳೆದಳು, ಬರೆದಳು, ಬೆರಳಚ್ಚಿನವನ ಕಾಲು ಹಿಡಿದಳು. ಹೊಸ ಅಳತೆ ಬಂತು, ನೂರಕ್ಕೆ ತೊಂಬತ್ತೊಂಬತ್ತೂವರೆ. ಅಂದರೆ ವ್ಯತ್ಯಾಸ ಇಲ್ಲ. ಮಾಡೆಲ್ ಹೇಳಿದ್ದು ಆಗಿರಲಿಲ್ಲ. ಆಕೆ ಹಾಗೇ ಬರೆದಳು. ಬೆಲ್ಟಿನ ಕಥೆಗೆ ಒಂದು ಇಡೀ ಅಧ್ಯಾಯ ಕೊಟ್ಟಳು. ಮೂವತ್ತೊಂದರ ಸಂಜೆ ನಾಲ್ಕೂವರೆಗೆ ಗೈಡಿನ ಸಹಿಗೆ ನನ್ನನ್ನೂ ಹೆಗಲಿಗೆ ಹಾಕಿಕೊಂಡು ನಿಂತಾಗ ಕಟಗೇರಿ ಸರ್ ಆ ಅಧ್ಯಾಯ ತೆರೆದು ಓದಿದರು. ಗೋಡೆಯ ಗಡಿಯಾರ ನನಗೆ ಕೇಳುತ್ತಿತ್ತು. ಐದಕ್ಕೆ ಆಫೀಸು ಬಾಗಿಲು ಹಾಕುತ್ತದೆ. ಅವರು ಸಹಿ ಹಾಕಿ ಫೈಲು ದೂಡಿದರು. ಪ್ಯಾರಿಸ್ಸಿಗೆ ಅವರು ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಮೌಖಿಕ ಪರೀಕ್ಷೆ. ಮೈಸೂರು ಕಡೆಯಿಂದ ಡಾಕ್ಟರ್ ಚೆಲುವಾಂಬಾ ಎಂಬ ಹಿರಿಯರು ಪರೀಕ್ಷೆ ಮಾಡಲು ಬಂದಿದ್ದರು. ಆ ಮಶಿನ್ನನ್ನು ನೋಡಬೇಕು ಎಂದರಂತೆ. ದ್ಯಾಮಣ್ಣ ನನ್ನನ್ನು ತಂದು ಮೇಜಿನ ಮೇಲಿಟ್ಟ. ಕೋಣೆ ತುಂಬ ಜನ. ನೀಲಾ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ.

“ಐದು ಕ್ಯಾಸೆಟ್ ಮತ್ತೆ ನುಡಿಸೋಕಾಗ್ಲಿಲ್ಲ ಅಂತ ಬರೆದಿದ್ದೀರಿ. ಅವುಗಳ ಗತಿ?” ಕೇಳಿದರು ಚೆಲುವಾಂಬಾ.

“ಕೈಬಿಟ್ಟೇನ್ರಿ ಮೇಡಂ.”

“ನಿಮ್ಮ ಮಾಡೆಲ್ ತಪ್ಪು ಅಂತ ನೀವೇ ಬರೆದ್ಕೊಂಡಿದ್ದೀರಿ. ಇನ್ನು ನಿಮಗೆ ಪದವಿ ಯಾತಕ್ಕೆ ಕೊಡ್ಬೇಕು ಅಂತ ಯಾರಾದ್ರೂ ಕೇಳಿದ್ರೆ?”



“ನಾ ಕೇಳಿದ ಪ್ರಶ್ನಿಗೆ ಹುಳ ‘ಅಲ್ಲ’ ಅಂತ್ರಿ. ಅದರ ಉತ್ತರ ನಾ ಬದಲಿ ಮಾಡಾಕ ಬರೂದಿಲ್ಲ,” ಎಂದಳು ನೀಲಾ. ದನಿ ಸಣ್ಣದಿತ್ತು, ಆದರೆ ಒಡೆಯಲಿಲ್ಲ.

ಚೆಲುವಾಂಬಾ ಕನ್ನಡಕ ತೆಗೆದರು. “ನಾನು ನಲವತ್ತು ಪ್ರಬಂಧ ನೋಡಿದೀನಮ್ಮ. ಈ ಅಧ್ಯಾಯ ಇಲ್ದೇ ಇದ್ದಿದ್ರೆ ಅಳತೆ ತಪ್ಪಿದೆ ಅಂತ ನನಗೆ ಒಂದಿಷ್ಟೂ ಅನುಮಾನ ಬರ್ತಿರ್ಲಿಲ್ಲ. ಪಾಸು.” ಆಮೇಲೆ ಪಕ್ಕಕ್ಕೆ ತಿರುಗಿ ಕೈಮುಗಿದರು. “ಕಟಗೇರಿಯವರೇ, ವಿದ್ಯಾರ್ಥಿ ಕೈಲಿ ಇಂಥ ಅಧ್ಯಾಯ ಬರೆಸೋ ಗೈಡು ಈ ಕಾಲದಲ್ಲಿ ಎಲ್ಲಿದ್ದಾರೆ?”

ಜನ ಚಪ್ಪಾಳೆ ತಟ್ಟಿದರು. ನೀಲಾ ತಲೆ ತಗ್ಗಿಸಿ ನಿಂತಳು. ಆಕೆ ಬಾಯಿ ಬಿಡುವವಳಲ್ಲ. ದ್ಯಾಮಣ್ಣನೂ ಬಿಡುವವನಲ್ಲ. ಒಂದು ನಮಸ್ಕಾರ ಮಾಡಿ ಕುಳಿತರೆ ಮುಗಿಯಿತು, ನಿವೃತ್ತಿಗೆ ಎರಡು ತಿಂಗಳು ಉಳಿದವರಿಗೆ ಅದಕ್ಕಿಂತ ದೊಡ್ಡ ಹಾರ ಬೇಡ. ಕಟಗೇರಿ ಸರ್ ಎದ್ದು ನಿಂತರು. ಚಪ್ಪಾಳೆ ನಿಲ್ಲುವ ತನಕ ಮೇಜಿನ ಮೇಲಿದ್ದ ನನ್ನನ್ನೇ ನೋಡಿದರು.

“ಅದನ್ನ ನಾ ಬರಸಿಲ್ಲರಿ,” ಎಂದರು. “ಬರೀಬ್ಯಾಡ ಅಂದಾಂವ ನಾ.”

ಈಗ ನಾನು ವಿಭಾಗದ ಒಂದು ಗಾಜಿನ ಕಪಾಟಿನ ಕೆಳಗಿನ ಖಾನೆಯಲ್ಲಿದ್ದೇನೆ. ಎಡಕ್ಕೆ ಒಂದು ಒಡೆದ ಸೂಕ್ಷ್ಮದರ್ಶಕ, ಬಲಕ್ಕೆ ಸ್ಪಿರಿಟ್ಟಿನಲ್ಲಿಟ್ಟ ಹಾವು. ಧೂಳು ಬಹಳ. ಡಾಕ್ಟರ್ ನೀಲಾಂಬಿಕಾ ಪಾಠ ಮಾಡಿ ನಿವೃತ್ತಳಾದಳು, ದ್ಯಾಮಣ್ಣ ಹೋದ, ಕಟಗೇರಿ ಸರ್ ಅವನಿಗಿಂತ ಮೊದಲೇ ಹೋದರು. ಅವರ ಹೆಸರಿನಲ್ಲಿ ಒಂದು ಬಹುಮಾನವಿದೆ. ಕೊಡುವಾಗ ಪ್ರತಿ ವರ್ಷ ಅವರ ಪ್ರಬಂಧಗಳ ಪಟ್ಟಿ ಓದುತ್ತಾರೆ, ಆ ದಿನದ ಮಾತನ್ನು ಯಾರೂ ಹೇಳುವುದಿಲ್ಲ. ಜೀವಮಾನವಿಡೀ ಇನ್ನೊಬ್ಬರ ದನಿಯನ್ನು ತುಂಬಿಟ್ಟುಕೊಂಡವನು ನಾನು. ಅಂದು ನನ್ನೊಳಗೆ ಬೆಲ್ಟು ಇರಲಿಲ್ಲ. ನಾನು ಕೇಳಿದ ಮಾತುಗಳಲ್ಲೆಲ್ಲ ದೊಡ್ಡ ಮಾತು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ, ಅದಕ್ಕೇ ನಾನು ಇಷ್ಟೆಲ್ಲ ಹೇಳಬೇಕಾಯಿತು.